ಸಂಶೋಧನಾ ದತ್ತಾಂಶವನ್ನು ಸರಿಪಡಿಸಿದ ಬಗೆ: ನನ್ನ ಅನುಭವ

ಮಂಗಳೂರಿನ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುವ ನನ್ನ ಬಳಿಗೆ, ನೇತ್ರಾವತಿ ಅಳಿವೆಯ ಲವಣಾಂಶವನ್ನು ಅಧ್ಯಯನ ಮಾಡುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಬಂದಾಗ, ಅವರ ಎಕ್ಸೆಲ್ ಕಡತದಲ್ಲಿದ್ದ ‘03-04’ ಎಂಬುದು ಏಪ್ರಿಲ್ 3ರ ನೀರಿನ ಮಾದರಿಯೋ ಮಾರ್ಚ್ 4ರದೋ ಎಂದು ಹೇಳುವುದೇ ಕಷ್ಟವಾಗಿತ್ತು. ಬೇಸಿಗೆಯಲ್ಲಿ ಉಪ್ಪುನೀರು ನದಿಯೊಳಗೆ ಏರಿಬರುವ ಅಳಿವೆಯ ಲೆಕ್ಕದಲ್ಲಿ ಒಂದು ತಿಂಗಳ ಗೊಂದಲ ಸಣ್ಣದಲ್ಲ.

ಮಾದರಿ ಸಂಗ್ರಹದ ಟಿಪ್ಪಣಿ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ತಾಳೆ ನೋಡಿ, ದಿನಾಂಕಗಳನ್ನೆಲ್ಲ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಕ್ರಮದಲ್ಲಿ, ಅಂದರೆ ವರ್ಷ, ತಿಂಗಳು, ದಿನ ಎಂಬ ಅನುಕ್ರಮದಲ್ಲಿ ಬರೆದೆವು. ಸಿಎಸ್‌ವಿ ಪ್ರತಿಯಲ್ಲಿ (ಅಂಕಣಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯದ ಕಡತ) ಬರಿಯ ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದ ಕನ್ನಡದ ಊರ ಹೆಸರುಗಳು, ಮೂಲ ಕಡತವನ್ನು ಎಲ್ಲ ಲಿಪಿಗಳ ಅಕ್ಷರಗಳನ್ನೂ ಉಳಿಸಿಕೊಳ್ಳುವ ‘ಸಿಎಸ್‌ವಿ ಯುಟಿಎಫ್-8’ ಆಯ್ಕೆಯಲ್ಲಿ ಮತ್ತೆ ಉಳಿಸಿದಾಗ ಸರಿಯಾದವು. ಪ್ರತಿ ಕಾಲಂನ ಅರ್ಥ ಮತ್ತು ಅಳತೆಯ ಮಾನವನ್ನು ತಿಳಿಸುವ ‘ರೀಡ್‌ಮಿ’ ಕಡತವನ್ನೂ ಜೊತೆಗಿಟ್ಟೆವು.

ಪ್ರಬಂಧಕ್ಕೆ ಭಾರತದ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾ ಇದೆ. ಅದರ ಹಿಂದಿನ ಅಂಕಿಅಂಶಗಳಿಗೂ ನೆಲೆ ಬೇಕಲ್ಲವೇ? ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆಯಾದ ಸರ್ನ್ 2013ರಿಂದ ಉಚಿತವಾಗಿ ನಡೆಸುತ್ತಿರುವ ಝೆನೊಡೊ ಎಂಬ ಆನ್‌ಲೈನ್ ದತ್ತಾಂಶ ಭಂಡಾರದಲ್ಲಿ ಅವನ್ನು ಸೇರಿಸಿ, ಉಲ್ಲೇಖಿಸಲು ಬರುವಂತೆ ಡಿಒಐ ಎಂಬ ಶಾಶ್ವತ ಗುರುತನ್ನು ಪಡೆದೆವು. ಗ್ರಂಥಾಲಯದ ನೆರವು ಪ್ರಬಂಧ ಸಲ್ಲಿಕೆಯ ಹೊತ್ತಿಗಲ್ಲ, ಮೊದಲ ಮಾದರಿ ಸಂಗ್ರಹಿಸುವ ಮುನ್ನವೇ ಸಿಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಈಗ ಹೊಸ ಸಂಶೋಧಕರಿಗೆ ಸದಸ್ಯತ್ವದ ಕಾರ್ಡಿನೊಂದಿಗೆ ರೀಡ್‌ಮಿ ಕಡತದ ನಮೂನೆಯನ್ನೂ ಕೊಡುತ್ತಿದ್ದೇವೆ.