ಬಿರುಕು ಕಂಡ ಕೂಡಲೇ ಪುಟ್ಟಿ ಹಚ್ಚಬೇಡಿ, ಮೊದಲು ತಾರೀಖು ಬರೆಯಿರಿ

ಬೆಂಗಳೂರಿನ ಬಹುಪಾಲು ಅಪಾರ್ಟ್‌ಮೆಂಟುಗಳಲ್ಲಿ ಸುರಕ್ಷತೆಯ ದಾಖಲೆ ಅಂತ ಕೇಳಿದರೆ ಸಿಗುವುದು ಎರಡೇ. ಒಂದು, ಎಎಂಸಿಯವರು (ವಾರ್ಷಿಕ ನಿರ್ವಹಣೆಯ ಗುತ್ತಿಗೆದಾರರು) ಟಿಕ್ ಹಾಕಿ ಹೋದ ಹಾಳೆ. ಇನ್ನೊಂದು, ‘ಸರ್, ಬೇಸ್‌ಮೆಂಟಲ್ಲಿ ಕ್ರ್ಯಾಕ್ ಬಿಟ್ಟಿದೆ ನೋಡಿ’ ಅಂತ ಯಾರೋ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ ಫೋಟೊ. ಅದು ಯಾವ ಬ್ಲಾಕು, ಯಾವ ಪಿಲ್ಲರು ಅಂತ ಆರು ತಿಂಗಳಾದ ಮೇಲೆ ಕೇಳಿದರೆ ಹಾಕಿದವರಿಗೇ ನೆನಪಿರುವುದಿಲ್ಲ. ಅಷ್ಟರಲ್ಲಿ ಕಮಿಟಿ ಬದಲಾಗಿರುತ್ತದೆ, ಮ್ಯಾನೇಜರ್ ಕೆಲಸ ಬಿಟ್ಟಿರುತ್ತಾರೆ. ನಿಮ್ಮ ಕಟ್ಟಡವನ್ನು ಕಂಡೇ ಇರದ ಎಂಜಿನಿಯರ್ ನೀವು ಬರೆದಿಟ್ಟಿದ್ದನ್ನು ಹಿಡಿದು ಯಾರನ್ನೂ ಕೇಳದೆ ಅದೇ ಪಿಲ್ಲರ್ ಮುಂದೆ ಹೋಗಿ ನಿಲ್ಲುವಂತಿದ್ದರೆ ಮಾತ್ರ ಅದನ್ನು ದಾಖಲೆ ಅನ್ನಬಹುದು.

ಕಾಗದ ಮೊದಲು

ಮಂಜೂರಾದ ನಕ್ಷೆ, ಓಸಿ (ವಾಸಯೋಗ್ಯ ಪ್ರಮಾಣಪತ್ರ), ಮಣ್ಣು ಪರೀಕ್ಷೆಯ ವರದಿ, ಲಿಫ್ಟ್ ಲೈಸೆನ್ಸ್, ಸ್ಟ್ರಕ್ಚರಲ್ ಡ್ರಾಯಿಂಗ್, ಅಗ್ನಿಶಾಮಕ ಇಲಾಖೆಯ ಪತ್ರಗಳು: ಇಷ್ಟನ್ನು ಒಂದೆಡೆ ಸೇರಿಸಿ. ಇಲಾಖೆಯ ಪತ್ರ ಒಂದಲ್ಲ, ಎರಡು. ನಕ್ಷೆ ನೋಡಿ ಕಟ್ಟುವ ಮುಂಚೆ ಕೊಡುವುದು ಎನ್‌ಒಸಿ, ಕಟ್ಟಿದ ಮೇಲೆ ಬಂದು ತಪಾಸಣೆ ಮಾಡಿ ಕೊಡುವುದು ಕ್ಲಿಯರೆನ್ಸ್ ಸರ್ಟಿಫಿಕೇಟ್. ಮೊದಲನೆಯದರ ಜೆರಾಕ್ಸ್ ಕೊಟ್ಟು ಕೈತೊಳೆದುಕೊಳ್ಳುವ ಬಿಲ್ಡರ್‌ಗಳಿದ್ದಾರೆ, ಎರಡನೆಯದನ್ನು ಕೇಳಿ ಪಡೆಯಿರಿ. ಸ್ಟ್ರಕ್ಚರಲ್ ಡ್ರಾಯಿಂಗ್ ಅಂತೂ ಹೆಚ್ಚಿನ ಕಡೆ ಇರುವುದೇ ಇಲ್ಲ. ನಕ್ಷೆ, ಕಾಗದ ಪತ್ರಗಳನ್ನು ಅಸೋಸಿಯೇಷನ್ನಿಗೆ ಒಪ್ಪಿಸುವುದು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಬಿಲ್ಡರ್ ಹೊಣೆ. ಬಾಯಲ್ಲಿ ಕೇಳಬೇಡಿ, ಬರೆದು ಕೇಳಿ.

ಪಿಲ್ಲರ್‌ಗಳಿಗೆ ಡ್ರಾಯಿಂಗಿನಲ್ಲಿರುವ ಗ್ರಿಡ್ ನಂಬರನ್ನೇ (ಪಿಲ್ಲರ್ ಯಾವ ಸಾಲಿನದು ಅಂತ ಹೇಳುವ ಗುರುತು) ಬೇಸ್‌ಮೆಂಟಿನಲ್ಲಿ ಪೇಂಟಿನಿಂದ ಬರೆಸಿ. ಪಾರ್ಕಿಂಗ್ ನಂಬರನ್ನು ನಂಬಬೇಡಿ, ಅದು ಬದಲಾಗುತ್ತಲೇ ಇರುತ್ತದೆ.

ಬೆಂಕಿಯ ಕಡೆ

ಟೆರೇಸಿನಿಂದ ಶುರುಮಾಡಿ ಮೆಟ್ಟಿಲಲ್ಲೇ ಇಳಿಯಿರಿ. ಎಕ್ಸ್‌ಟಿಂಗ್ವಿಷರ್ ತಾರೀಖು, ಹೋಸ್ ಬಾಕ್ಸ್, ಹೂಟರ್ (ಎಚ್ಚರಿಕೆಯ ಸೈರನ್) ಎಲ್ಲ ಸುಲಭದ ಕೆಲಸ. ನೋಡಿ, ಬರೆಯಿರಿ, ಮುಂದೆ ಹೋಗಿ. ಹೋಸ್ ಬಾಕ್ಸ್ ತೆರೆದೇ ನೋಡಬೇಕು, ಗನ್‌ಮೆಟಲ್ ನಾಜಲ್ ಗುಜರಿಗೆ ಹೋಗಿ ಎಷ್ಟೋ ಕಾಲವಾಗಿರಬಹುದು.

ಎಲೆಕ್ಟ್ರಿಕಲ್ ಡಕ್ಟಿನ ಬಾಗಿಲನ್ನು ಪ್ರತಿ ಮಹಡಿಯಲ್ಲೂ ತೆಗೆಸಿ. 2010ರ ಫೆಬ್ರುವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಅದು ಆಫೀಸು ಕಟ್ಟಡ ನಿಜ, ಆದರೆ ಹೊಗೆ ಹುಟ್ಟಿದ್ದು ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಇರುವಂಥ ಕೇಬಲ್ ಡಕ್ಟಿನಲ್ಲಿ. ಕೇಬಲ್ ಹಾದುಹೋಗುವ ಸ್ಲ್ಯಾಬಿನ ತೂತಿಗೆ ಬೆಂಕಿ ತಡೆಯುವ ಸೀಲಿಂಗ್ ಇದೆಯೇ, ಅಥವಾ ಪೊರಕೆ, ಹಳೇ ರಟ್ಟಿನ ಡಬ್ಬ ತುರುಕಿದ್ದಾರೆಯೇ? ಫೋಟೊ ತೆಗೆಯಿರಿ. ಬೀಗ ಹಾಕಿದ ಟೆರೇಸ್ ಬಾಗಿಲು, ಬಾಲ್ಕನಿಗೆ ಬೆಸುಗೆ ಹಾಕಿಸಿದ ತೆರೆಯಲು ಬಾರದ ಗ್ರಿಲ್ ಕೂಡ ಪಟ್ಟಿಗೆ ಬರಲಿ. 2021ರ ಸೆಪ್ಟೆಂಬರ್‌ನಲ್ಲಿ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟ್ ಬೆಂಕಿಯಲ್ಲಿ ಬಾಲ್ಕನಿ ಗ್ರಿಲ್ ಹಿಂದೆ ಮಹಿಳೆಯೊಬ್ಬರು ಸಿಕ್ಕಿಬಿದ್ದದ್ದನ್ನು ಊರೆಲ್ಲ ಟಿವಿಯಲ್ಲಿ ನೋಡಿದೆ.

ಪಂಪಿನ ಪರೀಕ್ಷೆಯಲ್ಲಿ ಮೋಸ ಹೆಚ್ಚು. ಎಎಂಸಿ ಹುಡುಗ ಪಂಪ್‌ರೂಮಿನಲ್ಲಿ ಬಟನ್ ಒತ್ತಿ, ಸದ್ದು ಕೇಳಿಸಿ, ‘ಎಲ್ಲ ಓಕೆ ಸರ್’ ಅನ್ನುತ್ತಾನೆ. ಅದು ಮೋಟರ್ ತಿರುಗುತ್ತದೆ ಅನ್ನುವುದಕ್ಕಷ್ಟೇ ಸಾಕ್ಷಿ. ನೀವು ಮಾಡಬೇಕಾದ್ದು ಬೇರೆ. ಪ್ಯಾನೆಲ್ಲಿನ ಸ್ವಿಚ್ ‘ಆಟೊ’ದಲ್ಲಿದೆಯೇ ಅಂತ ನೋಡಿ ಫೋಟೊ ತೆಗೆಯಿರಿ, ಎಷ್ಟೋ ಕಡೆ ರಾತ್ರಿ ಸದ್ದಾಗುತ್ತದೆ ಅಂತ ‘ಆಫ್’ ಮಾಡಿಟ್ಟಿರುತ್ತಾರೆ. ಒಬ್ಬರು ಪಂಪ್‌ರೂಮಿನಲ್ಲಿ ನಿಲ್ಲಲಿ, ಇನ್ನೊಬ್ಬರು ಎಲ್ಲಕ್ಕಿಂತ ಮೇಲಿನ ಮಹಡಿಯ ವಾಲ್ವ್‌ಗೆ ಹೋಸ್ ಜೋಡಿಸಿ ಟೆರೇಸ್ ಕಡೆಗೆ ನೀರು ಬಿಡಲಿ. ಕೆಳಗೆ ಯಾರೂ ಬಟನ್ ಮುಟ್ಟಕೂಡದು. ಒತ್ತಡ ಇಳಿದಂತೆ ಮೊದಲು ಜಾಕಿ ಪಂಪು (ಪೈಪಿನ ಒತ್ತಡ ಕಾಯುವ ಚಿಕ್ಕ ಪಂಪು), ಆಮೇಲೆ ಮೇನ್ ಪಂಪು ತಾನಾಗಿ ಏಳಬೇಕು. ನೀರು ಹರಿಯುತ್ತಿರುವಾಗಲೇ ಮೇಲಿನ ಮಹಡಿಯ ಒತ್ತಡದ ಗೇಜ್ ಓದಿ, 3.5 ಬಾರ್ ಇರಬೇಕು ಅನ್ನುತ್ತದೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ. ನಂತರ ಕರೆಂಟ್ ತೆಗೆಸಿ ಡೀಸೆಲ್ ಪಂಪಿಗೂ ಇದನ್ನೇ ಮಾಡಿ. ಬ್ಯಾಟರಿ ಸತ್ತಿರುವುದು ಗೊತ್ತಾಗುವುದು ಆಗಲೇ. ಎಲ್ಲವನ್ನೂ ಕಟ್ ಮಾಡದ ಒಂದೇ ವಿಡಿಯೊದಲ್ಲಿ ಹಿಡಿಯಿರಿ.

ಬಿರುಕು: ಇಲ್ಲಿ ನಿಧಾನ

ಎಲ್ಲ ಬಿರುಕೂ ಗಾಬರಿಪಡುವಂಥದ್ದಲ್ಲ. ಗಾರೆಯ ಮೇಲೆ ಜೇಡರಬಲೆಯಂತೆ ಹರಡಿದ ಕೂದಲೆಳೆ ಬಿರುಕು, ಬ್ಲಾಕ್ ಗೋಡೆ ಬೀಮಿಗೆ ಸೇರುವಲ್ಲಿ ಅಡ್ಡಕ್ಕೆ ಬಿಡುವ ಗೆರೆ ಸಾಮಾನ್ಯ. ಪಿಲ್ಲರಿನ ಉದ್ದಕ್ಕೂ ಕಂಬಿಯ ಜಾಡಲ್ಲೇ ಇಳಿದು, ತುಕ್ಕಿನ ಕಲೆ ಒಸರುತ್ತ, ತಟ್ಟಿದರೆ ಟೊಳ್ಳು ಸದ್ದು ಬರುವುದು ಬೇರೆಯ ಜಾತಿ. ಒಳಗೆ ಕಂಬಿ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಹೊರಗೆ ತಳ್ಳುತ್ತಿದೆ ಅಂತ ಅರ್ಥ. ಸಂಪಿನ ಅಕ್ಕಪಕ್ಕದ ಪಿಲ್ಲರುಗಳಲ್ಲಿ ಇದನ್ನು ಹುಡುಕಿ. ಬೀಮು ಪಿಲ್ಲರಿಗೆ ಸೇರುವ ಹತ್ತಿರ ಓರೆಯಾಗಿ ಬಿಟ್ಟ ಬಿರುಕು ಕಂಡರೆ ದಾಖಲೆ ಆಮೇಲಾಗಲಿ, ಅವತ್ತೇ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.

ಬರೆಯುವ ಕ್ರಮ ಹೀಗೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಮುಂದಿನ ಸಲ ಬಿರುಕು ಗೆರೆ ದಾಟಿದ್ದರೆ ಕಣ್ಣಿಗೇ ಕಾಣುತ್ತದೆ. ಎಲ್ಲಕ್ಕಿಂತ ಅಗಲವಾಗಿ ಬಿಟ್ಟಿರುವ ಜಾಗ ಆರಿಸಿ, ಅಗಲವನ್ನು ಗೆರೆಗಳ ಗುರುತಿರುವ ಪಾರದರ್ಶಕ ಕ್ರ್ಯಾಕ್ ಗೇಜ್ ಇಟ್ಟು ಅಳೆಯಿರಿ. ಕಾಂಕ್ರೀಟಿನ ಐಎಸ್ 456 ಸಂಹಿತೆ ಸಾಮಾನ್ಯ ಸ್ಥಿತಿಯಲ್ಲಿ ಒಪ್ಪುವುದು 0.3 ಮಿ.ಮೀ.ವರೆಗೆ, ತೇವವಿರುವ ಕಡೆ ಇನ್ನೂ ಕಡಿಮೆ. ಫೋಟೊ ಮೂರು ಬೇಕು: ಪಿಲ್ಲರ್ ನಂಬರ್ ಕಾಣುವಂತೆ ದೂರದಿಂದ, ಇಡೀ ಬಿರುಕು ಕಾಣುವಂತೆ, ಸ್ಟೀಲ್ ಸ್ಕೇಲ್ ಪಕ್ಕದಲ್ಲಿಟ್ಟು ಹತ್ತಿರದಿಂದ. ನಾಣ್ಯ ಇಡುವುದು ಬೇಡ, ಒಂದೇ ಬೆಲೆಯ ನಾಣ್ಯದಲ್ಲೂ ಅಳತೆ ಹಲವು. ಫ್ಲ್ಯಾಶ್ ಆಫ್ ಮಾಡಿ, ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಬಿಸಿಲಿಗೆ ಸ್ಲ್ಯಾಬು ಹಿಗ್ಗಿ ಕುಗ್ಗುವುದರಿಂದ ಯಾವಾಗಲೂ ಬೆಳಿಗ್ಗೆ ಒಂದೇ ಹೊತ್ತಿನಲ್ಲಿ ಅಳೆಯಬೇಕು.

ಚಲಿಸುತ್ತಿದೆಯೇ ಎಂಬ ಅನುಮಾನವಿದ್ದರೆ ಪೇಂಟು, ಪುಟ್ಟಿ ಕೆರೆದು ಕಾಂಕ್ರೀಟು ಕಾಣುವಂತೆ ಮಾಡಿ, ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯ ಎರಡೂ ತುದಿಯನ್ನು ಎಪಾಕ್ಸಿಯಲ್ಲಿ ಅಂಟಿಸಿ. ಒಡೆದರೆ ಉತ್ತರ ಸಿಕ್ಕಿತು. ಪೇಂಟಿನ ಮೇಲೆ ಅಂಟಿಸಿದರೆ ಪೇಂಟೇ ಕಿತ್ತು ಬರುತ್ತದೆ, ಗಾಜು ಹಾಗೇ ಇರುತ್ತದೆ.

ವಾರ್ಷಿಕ ಸಭೆ ಹತ್ತಿರ ಬಂತು ಅಂತ ಬಿರುಕಿಗೆಲ್ಲ ಪುಟ್ಟಿ ಮೆತ್ತಿಸಿ ಪೇಂಟ್ ಹೊಡೆಸುವ ಕಮಿಟಿಗಳಿವೆ. ಅದರಿಂದ ಅಳಿಯುವುದು ನಿಮ್ಮದೇ ಸಾಕ್ಷಿ. ಇನ್ನೊಂದು ಅಡ್ಡದಾರಿ, ರಿಬೌಂಡ್ ಹ್ಯಾಮರ್ ಹಿಡಿದು ನಾಲ್ಕು ಕಡೆ ಕುಟ್ಟಿ ‘ಕಟ್ಟಡ ಗಟ್ಟಿಯಿದೆ’ ಅಂತ ಸರ್ಟಿಫಿಕೇಟ್ ಬರೆದುಕೊಡುವವರು. ಆ ಸುತ್ತಿಗೆ ಹೇಳುವುದು ಮೇಲ್ಮೈಯ ಮಾತು ಮಾತ್ರ, ಅದೂ ಹಳೇ ಕಾಂಕ್ರೀಟಿನಲ್ಲಿ ಇರುವುದಕ್ಕಿಂತ ಹೆಚ್ಚೇ ತೋರಿಸುತ್ತದೆ. ಕಾಂಕ್ರೀಟಿನೊಳಗೆ ಶಬ್ದದ ಅಲೆ ಹಾಯಿಸುವ ಅಲ್ಟ್ರಾಸೋನಿಕ್ ಪರೀಕ್ಷೆ, ಬೇಕಾದಲ್ಲಿ ಕೋರ್ (ಕಾಂಕ್ರೀಟಿನ ತುಂಡು) ತೆಗೆದು ನೋಡುವುದು ಇಲ್ಲದ ವರದಿಗೆ ದುಡ್ಡು ಕೊಡಬೇಡಿ.

ಮೈವಾನ್ (ಅಲ್ಯುಮಿನಿಯಂ ಅಚ್ಚಿನಲ್ಲಿ ಗೋಡೆ, ಸ್ಲ್ಯಾಬು ಒಟ್ಟಿಗೆ ಎರಕ ಹೊಯ್ದ) ಕಟ್ಟಡವಾದರೆ ಫ್ಲಾಟಿನ ಒಳಗಿನ ಗೋಡೆಗಳೂ ಭಾರ ಹೊರುವ ಕಾಂಕ್ರೀಟೇ. ಇಂಟೀರಿಯರ್‌ನವರು ಎಸಿ ಪೈಪಿಗೆ ಕೊರೆದದ್ದು, ಅಡುಗೆಮನೆ ದೊಡ್ಡದು ಮಾಡಲು ಕೊಯ್ದದ್ದು ಎಲ್ಲಕ್ಕೂ ಫ್ಲಾಟ್ ನಂಬರಿನೊಂದಿಗೆ ಒಂದು ಪುಟ ಇರಲಿ.

ಎಲ್ಲಿ ಇಡಬೇಕು

ಗೂಗಲ್ ಡ್ರೈವ್ ಅಸೋಸಿಯೇಷನ್ನಿನ ಇಮೇಲಿನಲ್ಲಿರಲಿ, ಕಾರ್ಯದರ್ಶಿಯ ಸ್ವಂತದ್ದರಲ್ಲಿ ಬೇಡ. ಜೊತೆಗೆ ಪುಟಸಂಖ್ಯೆ ಹಾಕಿದ ಒಂದು ರಟ್ಟಿನ ರಿಜಿಸ್ಟರ್. ಫ್ಲಾಟ್ ಕೈಗೆ ಬಂದು 5 ವರ್ಷ ಆಗಿರದಿದ್ದರೆ, ಕಟ್ಟಡದ ದೋಷವನ್ನು ತಿಳಿಸಿದ 30 ದಿನದೊಳಗೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು ಅನ್ನುತ್ತದೆ ರೇರಾ ಕಾಯ್ದೆಯ 14ನೇ ಸೆಕ್ಷನ್. ದೋಷ ತಿಳಿಸುವ ಪತ್ರಕ್ಕೆ ಪಿಲ್ಲರ್ ನಂಬರ್, ತಾರೀಖು, ಅಗಲದ ಪಟ್ಟಿ, ಫೋಟೊ ಲಗತ್ತಿಸಿ ಸ್ವೀಕೃತಿ ಬರುವಂತೆ ಅಂಚೆಯಲ್ಲಿ ಕಳಿಸಿ, ಸ್ವೀಕೃತಿ ಚೀಟಿಯನ್ನು ಅದೇ ರಿಜಿಸ್ಟರಿಗೆ ಅಂಟಿಸಿ.