ಹಸಿ ಕಟ್ಟಿಗೆ ಎಲ್ಲಿದೆ ಎಂದು ಹುಡುಕುವುದು

ಶಿರಸಿ ಕಡೆ ಅಡಿಕೆ ತೋಟ ಮಾಡಿಕೊಂಡಿರುವ ನಾನು ತಾಳಮದ್ದಲೆಯಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ (ಪಾತ್ರದ ಮಾತು) ಹೇಳುತ್ತೇನೆ. ಮಾತಿಗೆ ಗಟ್ಟಿ ಬರಲಿ ಎಂದು ನ್ಯಾಯಶಾಸ್ತ್ರ ಕಲಿಯುವವರು ಮೊದಲು ಓದುವ ಅನ್ನಂಭಟ್ಟನ ತರ್ಕಸಂಗ್ರಹ ಓದಲು ಕೂತೆ. ಪುಟ್ಟ ಪುಸ್ತಕ. ವೇದಿಕೆಗಿಂತ ಜಾಸ್ತಿ ಅದು ತೋಟದಲ್ಲಿ ಉಪಯೋಗಕ್ಕೆ ಬಂತು.

ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ ಎಂಬ ಉದಾಹರಣೆ ಎಲ್ಲರಿಗೂ ಗೊತ್ತು. ನನಗೆ ಹಿಡಿಸಿದ್ದು ಅದನ್ನು ತಿರುಗಿಸಿ ಕೇಳುವ ಪ್ರಶ್ನೆ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆಯೇ? ಇಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಹೊಗೆ ಎಲ್ಲಿದೆ? ಹೊಗೆ ಏಳಬೇಕಾದರೆ ಕಟ್ಟಿಗೆ ಹಸಿ ಇರಬೇಕು. ನಡುವೆ ಅಡಗಿ ಕೂತ ಇಂಥ ಷರತ್ತೇ ಉಪಾಧಿ. ಅಡಿಕೆ ಬೇಯಿಸುವ ಒಲೆಯ ಮುಂದೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಒಂದು ಮಳೆಗಾಲ ಕೆಳಗಿನ ತೋಟಕ್ಕೆ ಕೊಳೆ, ಅಂದರೆ ಅಡಿಕೆ ಕಾಯಿ ಕೊಳೆತು ಉದುರುವ ರೋಗ, ಬಂತು. “ಬೋರ್ಡೊ ಸರಿ ಆಗಿಲ್ಲ ಅಣ್ಣಾ” ಎಂದ ತಮ್ಮ. ಬೋರ್ಡೊ ಅಂದರೆ ಕೊಳೆ ಬಾರದಂತೆ ಹೊಡೆಯುವ ಔಷಧಿ: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಅಳತೆ ಸರಿ ಇತ್ತು. ಚಾಕು ಅದ್ದಿ ನೋಡಿದಾಗ ತಾಮ್ರದ ಕೆಂಪು ಹತ್ತಿರಲಿಲ್ಲ, ಅಂದರೆ ಸುಣ್ಣ ಸಾಕಾಗಿತ್ತು. ಎಲ್ಲಕ್ಕಿಂತ ಮುಖ್ಯ, ಅದೇ ಅಳತೆಯ ಔಷಧಿ ಬಿದ್ದ ಮೇಲಿನ ತೋಟದಲ್ಲಿ ಕೊಳೆ ಇರಲಿಲ್ಲ. ಹಾಗಾದರೆ ಹಸಿ ಕಟ್ಟಿಗೆ ಯಾವುದು? ಇಬ್ಬರೂ ಕೂತು ಹುಡುಕಿದೆವು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಸಿಗದೆ ಕೆಳಗಿನ ತೋಟಕ್ಕೆ ಔಷಧಿ ಹೊಡೆದದ್ದು ಮಳೆ ಹಿಡಿದ ಮೇಲೆ. ಮರುವರ್ಷ ಕೆಳಗಿನಿಂದಲೇ ಶುರು ಮಾಡಿದೆವು.

ಇನ್ನೊಂದು ರೂಢಿ ತಾಳಮದ್ದಲೆಯದು. ವಾಲಿವಧೆಯಲ್ಲಿ ರಾಮನ ಅರ್ಥ ನನ್ನ ಪಾಲಿಗೆ ಬಂದರೆ ಮೊದಲು ವಾಲಿಯ ಮಾತು ಬರೆದುಕೊಳ್ಳುತ್ತೇನೆ. ಬೇರೊಬ್ಬನ ಜತೆ ಹೋರಾಡುತ್ತಿದ್ದವನ ಮೇಲೆ ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ? ಈ ಪ್ರಶ್ನೆ ನನ್ನನ್ನೇ ಚುಚ್ಚುವಷ್ಟು ಬಲವಾಗುವವರೆಗೆ ರಾಮನ ಉತ್ತರಕ್ಕೆ ಕೈ ಹಾಕುವುದಿಲ್ಲ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ದಂಡನೆ ಎಂದರೂ, ಮರೆಯಲ್ಲಿ ಯಾಕೆ ನಿಂತೆ ಎಂಬುದು ಉಳಿದೇ ಉಳಿಯುತ್ತದೆ. ಅದನ್ನು ಹಾರಿಸಿ ಹೋದರೆ ಕೂತು ಕೇಳುವವರು ಒಪ್ಪುವುದಿಲ್ಲ.

ಮನೆಯ ಮಾತಿಗೂ ಈಗ ಇದೇ ಕ್ರಮ. ನ್ಯಾಯಶಾಸ್ತ್ರದಲ್ಲಿ ವಾದ, ಜಲ್ಪ, ವಿತಂಡ ಎಂದು ಮೂರು ಬಗೆ: ನಿಜ ತಿಳಿಯಲು, ಗೆಲ್ಲಲು, ಸುಮ್ನೆ ಎದುರಿನವರದನ್ನು ಕೆಡವಲು. ಮೊದಲನೆಯದಕ್ಕಾದರೆ ಎಷ್ಟು ಹೊತ್ತಾದರೂ ಕೂರುತ್ತೇನೆ. ಈ ಸಲ ಚಾಲಿಯೋ (ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸಿದ್ದು) ಕೆಂಪಡಿಕೆಯೋ (ಹಸಿರು ಕಾಯಿ ಸುಲಿದು ಬೇಯಿಸಿ ಒಣಗಿಸಿದ್ದು) ಎಂಬುದು ಇನ್ನೂ ತೀರ್ಮಾನ ಆಗಿಲ್ಲ. ತಮ್ಮ ಚಾಲಿ ಅನ್ನುತ್ತಾನೆ, ನಾನು ಕೆಂಪಿನ ಪರ. ಹಾಗಾಗಿ ಚಾಲಿಯ ಕಾರಣಗಳನ್ನು ನಾನೇ ಬರೆಯುತ್ತಿದ್ದೇನೆ: ಬೇಯಿಸುವ ಖರ್ಚಿಲ್ಲ, ಕೊಯ್ದ ಕೂಡಲೇ ಸುಲಿಯುವ ಆಳು ಹುಡುಕಬೇಕಾಗಿಲ್ಲ, ಒಣಗಿಸಿ ಇಟ್ಟು ದರ ನೋಡಿ ಕೊಡಬಹುದು.