ಕಬ್ಬಿಣ ಹುದುಗಿಸಿದ ಮರದ ಕೊಡತಿ: ಮನೆಯಲ್ಲೇ ಮಾಡುವ ಬಗೆ

ಮರದ ಹಿಡಿಯ ಉಳಿಗೆ ಸುತ್ತಿಗೆಯಿಂದ ಹೊಡೆದರೆ ಹಿಡಿಯ ತಲೆ ಬೇಗನೆ ಕೆದರಿ ಅಣಬೆಯಂತಾಗುತ್ತದೆ, ಆಮೇಲೆ ಸೀಳುತ್ತದೆ. ಮರದ ತಲೆಯ ಸುತ್ತಿಗೆಯಾದ ಕೊಡತಿ ಬೇಕಾಗುವುದು ಇದಕ್ಕೇ. ಆದರೆ ಬರೀ ಮರದ ಕೊಡತಿಯಲ್ಲಿ ತೂಕ ಬೇಕೆಂದರೆ ಗಾತ್ರ ಹೆಚ್ಚಿಸಬೇಕು, ಗಾತ್ರ ಹೆಚ್ಚಿದರೆ ಇಕ್ಕಟ್ಟಾದ ಜಾಗದಲ್ಲಿ ಅದು ಆಡುವುದಿಲ್ಲ. ಹಗುರವಾದ ಕೊಡತಿಯನ್ನು ಜೋರಾಗಿ ಬೀಸಿ ಸರಿದೂಗಿಸಲು ಹೋದರೆ ಗುರಿ ತಪ್ಪುತ್ತದೆ, ಮಣಿಕಟ್ಟು ಸೋಲುತ್ತದೆ. ತಲೆಯೊಳಗೆ ಕಬ್ಬಿಣದ ತುಂಡು ಹುದುಗಿಸಿದರೆ ಗಾತ್ರ ಹಾಗೇ ಉಳಿದು ತೂಕ ಮಾತ್ರ ಏರುತ್ತದೆ; ಉಳಿಗೆ ತಾಗುವುದು ಮಾತ್ರ ಮರವೇ.

ಇಲ್ಲಿ ಹೇಳುವ ಕೊಡತಿಯ ತಲೆ 130 ಮಿ.ಮೀ. ಉದ್ದ, 90 ಮಿ.ಮೀ. ಎತ್ತರ, 65 ಮಿ.ಮೀ. ದಪ್ಪ. ಗಟ್ಟಿ ಮರದಲ್ಲಿ ಇದು ಸುಮಾರು 520 ಗ್ರಾಂ ತೂಗುತ್ತದೆ. 20 ಮಿ.ಮೀ. ಕಂಬಿ ಮೀಟರಿಗೆ 2.47 ಕಿಲೋ, ಅದರ 24 ಮಿ.ಮೀ. ತುಂಡು 59 ಗ್ರಾಂ. ಅಂಥ ನಾಲ್ಕು ತುಂಡು ಸೇರಿಸಿ, ಅವುಗಳ ಜಾಗದಲ್ಲಿದ್ದ ಮರದ ತೂಕ ಕಳೆದರೆ ತಲೆ 730 ಗ್ರಾಂ ಆಗುತ್ತದೆ. ಕಾವು, ಅಂದರೆ ಕೊಡತಿಯ ಹಿಡಿ, ಸೇರಿ ಒಟ್ಟು 900ರಿಂದ 950 ಗ್ರಾಂ. ಬಾಗಿಲುವಾಡಕ್ಕೆ ತೂತು ಕೊರೆಯುವಂಥ ಕೆಲಸಕ್ಕೆ ಇದು ಹದವಾದ ತೂಕ. ಸಣ್ಣ ಉಳಿಯ ನಾಜೂಕು ಕೆಲಸವೇ ಹೆಚ್ಚಾದರೆ ನಾಲ್ಕರ ಬದಲು ಎರಡೇ ತುಂಡು ಹಾಕಿ, ಬದಿಗೊಂದರಂತೆ.

ತಲೆಗೆ ಕರಿಜಾಲಿ, ಹುಣಸೆ, ಹೊನ್ನೆ, ಮತ್ತಿ ಇವುಗಳಲ್ಲಿ ಯಾವುದಾದರೂ ಒಳ್ಳೆಯದೇ. ಗಾಡಿಯ ಗಾಲಿಗೆ ಜಾಲಿಯನ್ನೂ ಗಾಣಕ್ಕೆ ಹುಣಸೆಯನ್ನೂ ಹಿಂದಿನವರು ಆರಿಸುತ್ತಿದ್ದುದು ಪೆಟ್ಟು ತಡೆಯುವ ಗುಣಕ್ಕಾಗಿಯೇ. ತೇಗ ಕೆಲಸಕ್ಕೆ ಸುಲಭ, ಆದರೆ ಹಗುರ. ಹೊಡೆಯುವ ಮುಖ ಬೇಗ ತಗ್ಗು ಬೀಳುತ್ತದೆ. ಚನ್ನಪಟ್ಟಣದ ಗೊಂಬೆಗೆ ಹೇಳಿ ಮಾಡಿಸಿದಂತಿರುವ ಆಲೆಮರ ಇಲ್ಲಿ ಬೇಡವೇ ಬೇಡ. ಕಾವಿಗೆ ಸಿಕ್ಕರೆ ದಿಂಡಿಗ. ಕೊಡಲಿ, ಗುದ್ದಲಿಗಳ ಕಾವಿಗೆ ಹೆಸರಾದ ಮರ ಅದು. ಸಿಗದಿದ್ದರೆ ಜಾಲಿಯೇ ಸಾಕು. ಕಾವಿನ ಎಳೆ ಮಾತ್ರ ಈ ತುದಿಯಿಂದ ಆ ತುದಿಗೆ ನೇರ ಹರಿದಿರಬೇಕು. ಎಳೆ ಓರೆಯಾಗಿ ಬದಿಗೆ ಹೊರಟುಹೋಗಿದ್ದರೆ ಕಾವು ಮುರಿಯುವುದು ಅಲ್ಲೇ.

ಮರ ಒಣಗಿರಬೇಕು ಎಂಬುದು ಎಲ್ಲ ಬಡಗಿ ಕೆಲಸಕ್ಕೂ ಸಲ್ಲುವ ಮಾತು, ಆದರೆ ಇಲ್ಲಿ ಅದಕ್ಕೆ ಬೇರೆಯದೇ ಕಾರಣವಿದೆ. ಮರ ಒಣಗುತ್ತಾ ಕುಗ್ಗುತ್ತದೆ, ಒಳಗಿನ ಕಬ್ಬಿಣ ಕುಗ್ಗುವುದಿಲ್ಲ. ಹಸಿ ಮರದಲ್ಲಿ ಹುದುಗಿಸಿದ ತುಂಡು ಬೇಸಿಗೆ ಬರುವ ಹೊತ್ತಿಗೆ ತನ್ನ ಸುತ್ತಲಿನ ಮರವನ್ನೇ ಸೀಳುತ್ತದೆ. ಹಳೆಯ ದಾರಂದ, ಮುರಿದ ಮಂಚದ ಕಾಲು, ಮೂಲೆಗೆ ಬಿದ್ದ ಒನಕೆ ಇವೆಲ್ಲ ಚೆನ್ನಾಗಿ ಒಣಗಿದ ಮರಗಳು. ಗರಗಸ ಹಾಕುವ ಮೊದಲು ಅಯಸ್ಕಾಂತ ಆಡಿಸಿ ಮೊಳೆ ಇದೆಯೇ ನೋಡಿ. ಸಾಮಿಲ್ಲಿನಿಂದ ತಂದ ಮರವಾದರೆ ಅಳತೆಗಿಂತ ದಪ್ಪಕ್ಕೆ ಸೀಳಿಸಿ, ಬಿಸಿಲು ತಾಗದೆ ಗಾಳಿಯಾಡುವ ಕಡೆ ಇಟ್ಟು, ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಎರಡು ಮೂರು ವಾರ ತೂಕ ಬದಲಾಗದಿದ್ದರೆ ಕೆಲಸಕ್ಕೆ ತೆಗೆದುಕೊಳ್ಳಬಹುದು. ಮಳೆಗಾಲದ ಕರಾವಳಿ, ಮಲೆನಾಡಿನಲ್ಲಿ ಈ ಪರೀಕ್ಷೆಯನ್ನು ನಂಬಬೇಡಿ. ಅಲ್ಲಿ ತೂಕ ನಿಂತರೂ ಮರದಲ್ಲಿ ತೇವ ಉಳಿದೇ ಇರುತ್ತದೆ.

ತಲೆಯನ್ನು ಒಂದೇ ದಿಮ್ಮಿಯಲ್ಲಿ ಮಾಡದೆ ಮೂರು ಪದರವಾಗಿ ಅಂಟಿಸುವುದು ಈ ವಿಧಾನ. ನಡುವಿನ ಪದರ 25 ಮಿ.ಮೀ. ದಪ್ಪ, ಅದರ ಎರಡು ಪಕ್ಕದ ಪದರಗಳು, ಅಂದರೆ ಕೆನ್ನೆಗಳು, ತಲಾ 20 ಮಿ.ಮೀ. ನಡುವಿನ ಪದರವನ್ನು ಎರಡು ತುಂಡಾಗಿಸಿ, ನಡುವೆ ಬಿಟ್ಟ ಸಂದೇ ಕಾವು ಕೂರುವ ಕಣ್ಣು. ದಪ್ಪ ಮರದಲ್ಲಿ ಓರೆ ಕಣ್ಣನ್ನು ಉಳಿಯಿಂದ ಕೊರೆಯುವ ಕಷ್ಟ ತಪ್ಪುತ್ತದೆ, ಕಬ್ಬಿಣ ಮುಚ್ಚಿಡಲು ಜಾಗವೂ ಸಿಗುತ್ತದೆ. ಮೂರೂ ಪದರದ ಎಳೆ ತಲೆಯ ಉದ್ದಕ್ಕೇ ಹರಿಯಬೇಕು. ಆಗ ಪೆಟ್ಟು ಬೀಳುವುದು ಎಳೆಯ ತುದಿಯ ಮೇಲೆ, ಮರ ಅತಿ ಗಟ್ಟಿಯಿರುವ ದಿಕ್ಕಿನಲ್ಲಿ. ಒಂದು ಪದರವನ್ನು ಅಡ್ಡ ಎಳೆಗೆ ಇಟ್ಟರೂ ಮಳೆಗಾಲಕ್ಕೆ ಹಿಗ್ಗಿ ಬೇಸಿಗೆಗೆ ಕುಗ್ಗಿ ಅಂಟು ಬಿಡುತ್ತದೆ.

ಮೊದಲು ಕಾವು ಮಾಡಿ. ತಲೆಯನ್ನು ಕಾವಿಗೆ ತಕ್ಕಂತೆ ಕಟ್ಟುವುದು ಸುಲಭ. ಮಾಡಿಟ್ಟ ತಲೆಗೆ ಕಾವನ್ನು ಹೊಂದಿಸುವುದು ದಿನವಿಡೀ ಆಗುವ ಕೆಲಸ. 340 ಮಿ.ಮೀ. ಉದ್ದದ, 42 ಮಿ.ಮೀ. ಅಗಲದ ತುಂಡನ್ನು ನಡುಪದರಕ್ಕಿಂತ ಒಂದು ಅಂಚೆ ಕಾರ್ಡಿನಷ್ಟು ತೆಳುವಾಗಿ ಉಜ್ಜುಗೊರಡಿನಿಂದ ಹೊರೆಯಿರಿ. ಉದ್ದಕ್ಕೂ ನಡುಗೆರೆ ಎಳೆಯಿರಿ. ಮೇಲ್ತುದಿಯಲ್ಲಿ ಅಗಲ 41 ಮಿ.ಮೀ., ಅಲ್ಲಿಂದ 135 ಮಿ.ಮೀ. ಕೆಳಗೆ 32 ಮಿ.ಮೀ.; ಈ ಗುರುತುಗಳನ್ನು ಎರಡೂ ಬದಿಯಲ್ಲಿ ನೇರ ಗೆರೆಯಿಂದ ಸೇರಿಸಿ. 135ರ ಕೆಳಗೆ ತುದಿಯವರೆಗೂ 32 ಮಿ.ಮೀ. ಇರಲಿ. ಗೆರೆಯ ಹೊರಗೆ ಗರಗಸ ಹಾಕಿ, ಗೆರೆಯವರೆಗೆ ಹೊರೆಯಿರಿ. ಅಂಚು ಉಬ್ಬಿಲ್ಲದೆ, ಕುಳಿಯಿಲ್ಲದೆ, ಅಗಲಕ್ಕೆ ಮೂಲೆಮಟ್ಟವಾಗಿರಬೇಕು. ಈ ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಕಾದ ಜಾಗ ಇದೇ, ಏಕೆಂದರೆ ಬೆಣೆಯಾಗಲಿ ಮೊಳೆಯಾಗಲಿ ಇಲ್ಲದ ಈ ಕೊಡತಿಯ ತಲೆಯನ್ನು ಹಿಡಿದಿಡುವುದು ಈ ಎರಡು ಓರೆ ಅಂಚುಗಳು ಮಾತ್ರ.

ಪಿಕಾಸಿಯ ಕಾವನ್ನು ನೆನಪಿಸಿಕೊಳ್ಳಿ. ಅದನ್ನು ತಲೆಯ ಮೇಲಿನಿಂದ ಇಳಿಸುತ್ತಾರೆ, ದಪ್ಪ ತುದಿ ಮೇಲೆ ಕಚ್ಚಿಕೊಳ್ಳುತ್ತದೆ. ಇಲ್ಲೂ ಅದೇ ಉಪಾಯ: ಪ್ರತಿ ಬೀಸಿಗೂ ತಲೆ ಹೊರಕ್ಕೆ ಜಗ್ಗಿ ಕಾವಿನ ಅಗಲ ಭಾಗಕ್ಕೆ ಇನ್ನಷ್ಟು ಬಿಗಿಯುತ್ತದೆ.

ನಡುಪದರಕ್ಕೆ 25 × 95 × 110 ಮಿ.ಮೀ. ಹಲಗೆ ತೆಗೆದುಕೊಂಡು ಮಧ್ಯದಲ್ಲಿ ಒಂದೇ ಓರೆ ಕೊಯ್ತ ಹಾಕಿ. ಎತ್ತರದ 90 ಮಿ.ಮೀ.ಗೆ ಓರೆ 3 ಮಿ.ಮೀ. ಇರಲಿ, ಅಂದರೆ ಕಾವಿನ ಒಂದು ಅಂಚಿನ ಓರೆಯಷ್ಟೇ. ಒಂದು ತುಂಡನ್ನು ಮಗುಚಿ ಇಟ್ಟರೆ ಎರಡೂ ಬದಿಯ ಓರೆ ಸಿದ್ಧ. ಗರಗಸ ಸ್ವಲ್ಪ ಅತ್ತಿತ್ತ ಹೋದರೂ ಚಿಂತೆಯಿಲ್ಲ. ಕೊಯ್ದ ಮುಖಗಳನ್ನು ನುಣುಪಾಗಿ ಹೊರೆದು ಕಾವಿಗೆ ಒತ್ತಿಹಿಡಿದು ಬೆಳಕಿಗೆ ನೋಡಿ. ಬೆಳಕು ತೂರಿದರೆ ಉಬ್ಬಿರುವ ಕಡೆ ಪೆನ್ಸಿಲ್ ಗುರುತು ಹಾಕಿ ಮತ್ತೆ ಹೊರೆಯಿರಿ. ಕೆನ್ನೆಗಳನ್ನು 20 × 95 × 140 ಮಿ.ಮೀ. ಇಟ್ಟುಕೊಳ್ಳಿ. ಹೆಚ್ಚುವರಿ ಅಂಚನ್ನು ಅಂಟು ಒಣಗಿದ ಮೇಲೆ ಕತ್ತರಿಸುವುದೇ ಸರಿ.

ಈಗ ಕಬ್ಬಿಣ. ನುಣುಪಾದ 20 ಮಿ.ಮೀ. ಸರಳನ್ನು ಲೇತ್ ಅಂಗಡಿಯಲ್ಲಿ 24 ಮಿ.ಮೀ. ಉದ್ದಕ್ಕೆ ನಾಲ್ಕು ತುಂಡು ಮಾಡಿಸಿ. ಮನೆ ಕಟ್ಟುವ ಟಿಎಂಟಿ ಕಂಬಿಯೂ ಆದೀತು, ಆದರೆ ಅದರ ಏಣುಗಳನ್ನು ಅರದಿಂದ ತಗ್ಗಿಸಬೇಕು. ನಾಲ್ಕನ್ನೂ ತೂಗಿ, ಎರಡು ಬದಿಯ ಮೊತ್ತ ಸಮ ಬರುವಂತೆ ಜೋಡಿ ಮಾಡಿ. ಒಂದು ಬದಿ ಭಾರವಾದರೆ ಕೊಡತಿ ಕೈಯಲ್ಲಿ ತಿರುಚಿಕೊಳ್ಳುತ್ತದೆ. ತುಕ್ಕು, ಎಣ್ಣೆ ಎರಡನ್ನೂ ಎಮರಿ ಕಾಗದ ಮತ್ತು ಥಿನ್ನರಿನಿಂದ ತೆಗೆಯಿರಿ. ಎಣ್ಣೆ ಅಂಟಿದ ಕಬ್ಬಿಣಕ್ಕೆ ಯಾವ ಅಂಟೂ ಹಿಡಿಯದು.

ತೂತಿನ ಅಳತೆ 22 ಮಿ.ಮೀ., ತುಂಡಿನದಕ್ಕಿಂತ ಎರಡು ಹೆಚ್ಚು. ಬಿಗಿಯಾಗಿ ಹೊಡೆದು ಕೂರಿಸುವ ಆಸೆ ಬೇಡ, ಮೇಲೆ ಹೇಳಿದ ಸೀಳು ಬರುವುದು ಅದರಿಂದಲೇ. ನಡುಪದರದ ಪ್ರತಿ ತುಂಡಿನ ಮೇಲೆ ಮೊದಲು 90 ಮಿ.ಮೀ. ಎತ್ತರದ ಮೇಲ್ಗೆರೆ, ಕೆಳಗೆರೆ ಎಳೆಯಿರಿ. ಮೇಲ್ಗೆರೆಯಿಂದ 25 ಮತ್ತು 65 ಮಿ.ಮೀ. ಕೆಳಗೆ, ಕಾವಿನ ಕಡೆಯ ಓರೆ ಅಂಚಿನಿಂದ 20 ಮಿ.ಮೀ. ಒಳಗೆ ತೂತಿನ ಕೇಂದ್ರಗಳು. ಹೀಗೆ ಮಾಡಿದರೆ ಹೊಡೆಯುವ ಮುಖದ ಹಿಂದೆ 12 ಮಿ.ಮೀ.ಗಿಂತ ಹೆಚ್ಚು ಮರ ಉಳಿಯುತ್ತದೆ. ಅದಕ್ಕಿಂತ ಕಡಿಮೆಯಾದರೆ ಮುಖ ಸವೆದು ಹೊರೆಯುವಾಗ ಒಂದು ದಿನ ಉಜ್ಜುಗೊರಡಿನ ಅಲಗು ಕಬ್ಬಿಣಕ್ಕೆ ತಾಗುತ್ತದೆ. ಕೆಳಗೆ ರದ್ದಿ ಹಲಗೆ ಒತ್ತಿಟ್ಟು ಕೊರೆಯಿರಿ, ಇಲ್ಲದಿದ್ದರೆ ಬಿಟ್ ಹೊರಬರುವ ಕಡೆ ಮರ ಚಕ್ಕೆಯೇಳುತ್ತದೆ. ಇಷ್ಟು ದಪ್ಪದ ಬಿಟ್ ಸಿಕ್ಕಿಕೊಂಡರೆ ಸಣ್ಣ ತುಂಡು ಕೈಯಿಂದ ಗಿರ್ರನೆ ತಿರುಗಿಹೋಗುತ್ತದೆ. ಕ್ಲಾಂಪ್ ಹಾಕದೆ ಕೊರೆಯಬೇಡಿ.

ಸೀಸ ಹಾಕಬಹುದೇ? ಅದು ಕಬ್ಬಿಣಕ್ಕಿಂತ ಸುಮಾರು 1.4 ಪಟ್ಟು ಭಾರ, ಕರಾವಳಿಯಲ್ಲಿ ಬಲೆಗೆ ಕಟ್ಟುವ ಸೀಸದ ಗುಂಡು ಸುಲಭವಾಗಿ ಸಿಗುತ್ತದೆ. ಹಾಕುವುದಾದರೆ ಗುಂಡುಗಳನ್ನು ಹಾಗೆಯೇ ಇಟ್ಟು ಸುತ್ತ ಅರಾಲ್ಡೈಟ್ ತುಂಬಿ, ಮುಟ್ಟಿದ ಮೇಲೆ ಕೈ ಚೆನ್ನಾಗಿ ತೊಳೆಯಿರಿ. ಕರಗಿಸಿ ಸುರಿಯುವ ಕೆಲಸ ಮನೆಯಲ್ಲಿ ಬೇಡ: ಅದರ ಹೊಗೆ ವಿಷ, ಮತ್ತು ಮರದಲ್ಲಿ ಉಳಿದ ತೇವ ಫಕ್ಕನೆ ಆವಿಯಾಗಿ ಕರಗಿದ ಸೀಸವನ್ನು ಮುಖಕ್ಕೇ ಎರಚಬಲ್ಲದು.

ಅಂಟಿಸುವುದು ಎರಡು ಹಂತದಲ್ಲಿ. ಮೊದಲು ಎಲ್ಲವನ್ನೂ ಅಂಟಿಲ್ಲದೆ ಜೋಡಿಸಿ ಕ್ಲಾಂಪ್ ಮಾಡಿ. ತಲೆಯ ಮೇಲ್ಗೆರೆಯ ಮೇಲೆ ಕಾವು 15 ಮಿ.ಮೀ. ಹೊರಬಂದಿರಲಿ. ತೂತುಗಳಿಂದ ದೂರದಲ್ಲಿ, ಬದಿಗೆರಡರಂತೆ 3 ಮಿ.ಮೀ. ತೂತು ಹಾಕಿ ಬಿದಿರಿನ ಕಡ್ಡಿ ತೂರಿಸಿ. ಹಸಿ ಅಂಟಿನ ಮೇಲೆ ಮರ ಸಾಬೂನಿನಂತೆ ಜಾರುತ್ತದೆ, ಆ ಜಾರಾಟವನ್ನು ಈ ಕಡ್ಡಿಗಳು ತಡೆಯುತ್ತವೆ. ಆಮೇಲೆ ಕಾವಿಗೆ ಪಾರ್ಸೆಲ್ ಟೇಪ್ ಸುತ್ತಿ ಮೇಣ ಸವರಿ ಅದನ್ನೇ ಅಚ್ಚಾಗಿ ನಡುವೆ ಇಟ್ಟು, ನಡುಪದರದ ಎರಡು ತುಂಡುಗಳನ್ನು ಒಂದು ಕೆನ್ನೆಗೆ ಫೆವಿಕಾಲಿನಿಂದ ಅಂಟಿಸಿ. ತೇಗ, ಬೀಟೆಯಂಥ ಎಣ್ಣೆಯಂಶವಿರುವ ಮರವಾದರೆ ಅಂಟು ಹಚ್ಚುವ ಮುಂಚೆ ಥಿನ್ನರ್ ಬಟ್ಟೆಯಿಂದ ಒರೆಸಿ. ಅಂಚಿನುದ್ದಕ್ಕೂ ಅಂಟು ಸಣ್ಣ ಮಣಿಗಳಂತೆ ಹೊರಬರುವಷ್ಟು ಬಿಗಿ ಸಾಕು. ಅದಕ್ಕಿಂತ ಬಿಗಿದರೆ ಅಂಟೆಲ್ಲ ಹೊರಹೋಗಿ ಒಳಗೆ ಬರೀ ಒಣ ಮರ ಉಳಿಯುತ್ತದೆ. ಒಂದು ಗಂಟೆಯ ನಂತರ ಕಾವನ್ನು ಮೇಲಕ್ಕೆ ತಟ್ಟಿ ತೆಗೆದು, ಕಣ್ಣಿನೊಳಗೆ ಹರಿದ ಅಂಟನ್ನು ಒದ್ದೆ ಬಟ್ಟೆಯಿಂದ ಬಳಿದುಬಿಡಿ. ಅದು ಗಟ್ಟಿಯಾದರೆ ಆ ಸಂದಿಯಲ್ಲಿ ಉಳಿ ಆಡಿಸುವುದು ಕಷ್ಟ.

ಮರುದಿನ ಕಬ್ಬಿಣದ ತುಂಡುಗಳನ್ನು ಇಡಿ. ಅರಾಲ್ಡೈಟಿನ ಎರಡು ಟ್ಯೂಬಿನಿಂದ ಸಮ ತೆಗೆದು ಕಲಸಿ, ನಯವಾದ ಮರದ ಹುಡಿ ಸೇರಿಸಿ ಉಪ್ಪಿನಕಾಯಿ ರಸದಷ್ಟು ಗಟ್ಟಿ ಮಾಡಿಕೊಳ್ಳಿ. ತೂತಿನ ತಳಕ್ಕೆ ಸ್ವಲ್ಪ ಹಾಕಿ, ತುಂಡನ್ನು ತಿರುಗಿಸುತ್ತಾ ಒತ್ತಿ; ಸುತ್ತಲಿನ ಗಾಳಿ ಹೊರಬಂದು ಅಂಟು ಮೇಲೇರುತ್ತದೆ. ತುಂಡು ಪದರಕ್ಕಿಂತ ಒಂದು ಮಿ.ಮೀ. ಕೆಳಗಿರಬೇಕು. ಕೂದಲೆಳೆಯಷ್ಟು ಮೇಲೆದ್ದರೂ ಎರಡನೆಯ ಕೆನ್ನೆ ಕೂರುವುದಿಲ್ಲ. ಪೂರ್ತಿ ಗಟ್ಟಿಯಾದ ಮೇಲೆ ಮಟ್ಟಸಕ್ಕೆ ಹೊರೆದು, ಕಾವನ್ನು ಮತ್ತೆ ನಡುವೆ ಇಟ್ಟು ಎರಡನೆಯ ಕೆನ್ನೆ ಅಂಟಿಸಿ, ಗಂಟೆಯ ನಂತರ ಕಾವು ತೆಗೆದು ಕಣ್ಣು ಒರೆಸಿ. ಆಮೇಲೆ 24 ಗಂಟೆ ಮುಟ್ಟಬೇಡಿ.

ಪೆಟ್ಟು ಬಿದ್ದಾಗ ಕೊಡತಿ ಪುಟಿಯಬಾರದು ಎನ್ನುವವರು ಗಟ್ಟಿ ತುಂಡಿನ ಬದಲು ಸೈಕಲ್ ಬೇರಿಂಗಿನ ಗುಂಡುಗಳನ್ನು ಸಡಿಲವಾಗಿ, ತೂತಿನ ಮುಕ್ಕಾಲು ಭಾಗಕ್ಕೆ ತುಂಬಬಹುದು. ತಲೆ ನಿಂತ ಕ್ಷಣದ ನಂತರ ಗುಂಡುಗಳು ಮುಂದಕ್ಕೆ ಬಡಿದು ಹಿಂಪುಟಿತವನ್ನು ನುಂಗುತ್ತವೆ. ಕುರ್ಚಿ, ಮೇಜುಗಳ ಕೀಲು ಕೂರಿಸಲು ಇದು ಸೊಗಸು. ಆದರೆ 6.35 ಮಿ.ಮೀ. ಗುಂಡು ಒಂದಕ್ಕೆ ಒಂದು ಗ್ರಾಮಿನಷ್ಟೇ ತೂಕ. ಈ ಅಳತೆಯ ತೂತಿಗೆ 25ರ ಸುಮಾರು ಹಿಡಿಯುತ್ತವೆ, ನಾಲ್ಕು ತೂತಿಗೆ 100 ಗ್ರಾಂ. ತೂಕವೇ ಗುರಿಯಾದರೆ ಗಟ್ಟಿ ತುಂಡೇ ಮೇಲು.

ಅಂಟು ಒಣಗಿದ ತಲೆಯನ್ನು 90 ಮಿ.ಮೀ. ಎತ್ತರಕ್ಕೆ ಹೊರೆಯಿರಿ. ಮೇಲ್ಭಾಗದ ಉದ್ದ 130 ಮಿ.ಮೀ., ಕೆಳಭಾಗ 120 ಮಿ.ಮೀ. ಬರುವಂತೆ ಎರಡೂ ಮುಖಗಳನ್ನು ಓರೆಯಾಗಿ ಕೊಯ್ಯಿರಿ. ಕೈ ಮೊಣಕೈಯಿಂದ ಕಮಾನಿನಂತೆ ಬೀಸುತ್ತದೆ. ಈ ಓರೆ ಇದ್ದರೆ ಮುಖ ಉಳಿಯ ತಲೆಗೆ ಚಪ್ಪಟೆಯಾಗಿ ಬಂದು ತಾಗುತ್ತದೆ. ಮುಖದ ನಾಲ್ಕೂ ಅಂಚನ್ನು 5 ಮಿ.ಮೀ. ಓರೆಗೆ ಹೊರೆಯಲೇಬೇಕು. ಚೂಪು ಅಂಚು ಬಿಟ್ಟರೆ ಮೊದಲ ಅಡ್ಡ ಪೆಟ್ಟಿಗೇ ಚಕ್ಕೆ ಹಾರುತ್ತದೆ. ಕಾವಿನ ಹಿಡಿಯುವ ಭಾಗದ ಮೂಲೆಗಳನ್ನು ಎಂಟು ಮೂಲೆಯಾಗುವಂತೆ ಹೊರೆದು, ಪಾಲಿಶ್ ಪೇಪರಿನಿಂದ ಮೊನಚು ಮುರಿಯಿರಿ. ಪೂರ್ತಿ ದುಂಡಗೆ ಮಾಡಿದರೆ ಮುಖ ಎತ್ತ ತಿರುಗಿದೆ ಎಂದು ಕೈಗೆ ತಿಳಿಯುವುದಿಲ್ಲ.

ಕಾವಿನ ಓರೆ ಅಂಚಿಗೆ ಪೆನ್ಸಿಲ್ ಗೀಚಿ ಮೇಲಿನಿಂದ ಇಳಿಸಿ, ತಟ್ಟಿ ತೆಗೆದು ನೋಡಿ. ಕಣ್ಣಿನೊಳಗೆ ಕಪ್ಪು ಹತ್ತಿದ ಕಡೆ ಮಾತ್ರ ತಾಗಿದೆ ಎಂದರ್ಥ. ಮೇಲೂ ಕೆಳಗೂ ಸಮನಾಗಿ ಗುರುತು ಬೀಳುವವರೆಗೆ ಕಾವನ್ನು ಒಂದೊಂದೇ ಎಳೆ ಹೊರೆಯಿರಿ.

ಕೊನೆಗೆ ಬೇಯಿಸಿದ ಅಗಸೆ ಎಣ್ಣೆ, ಅಂದರೆ ಹಾರ್ಡ್‌ವೇರ್ ಅಂಗಡಿಯ ಲಿನ್‌ಸೀಡ್ ಆಯಿಲ್, ದಿನಕ್ಕೊಂದರಂತೆ ಎರಡು ಕೈ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಒಣಗುವುದಿಲ್ಲ, ಜಿಡ್ಡು ಹಾಗೇ ನಿಲ್ಲುತ್ತದೆ. ವಾರ್ನಿಷ್ ಹಚ್ಚಿದ ಹಿಡಿ ಬೆವರಿದ ಕೈಗೆ ಜಾರುತ್ತದೆ. ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹೊರಗೆ ಹರವಿ ಒಣಗಿಸಿ, ಆಮೇಲೆ ಬಿಸಾಡಿ.

ಬೇಸಿಗೆಯಲ್ಲಿ ತಲೆ ಸಡಿಲವಾದರೆ ಸುತ್ತಿಗೆಗೆ ಮಾಡುವಂತೆ ಕಾವಿನ ಬುಡವನ್ನು ನೆಲಕ್ಕೆ ಕುಟ್ಟಬೇಡಿ. ಇಲ್ಲಿ ಕಾವು ಮೇಲೆ ಅಗಲ, ಕೆಳಗೆ ಕಿರಿದು. ಬುಡ ಕುಟ್ಟಿದರೆ ತಲೆ ಜಾರಿ ಕೈ ಮೇಲೇ ಬೀಳುತ್ತದೆ. ಕೊಡತಿಯನ್ನು ತಲೆಕೆಳಗಾಗಿ ಹಿಡಿದು, ಮೇಲೆ ಚಾಚಿಕೊಂಡಿರುವ ಆ 15 ಮಿ.ಮೀ. ತುದಿಯನ್ನು ಮರದ ದಿಮ್ಮಿಗೆ ಎರಡು ಸಲ ಕುಟ್ಟಿದರೆ ಬಿಗಿಯುತ್ತದೆ. ವರ್ಷಗಳಲ್ಲಿ ಆ ತುದಿ ಸವೆದು ತಲೆಯ ಮಟ್ಟಕ್ಕೆ ಇಳಿದರೆ ಕಾವು ಬದಲಿಸುವ ಕಾಲ ಬಂದಿದೆ. ಬುಡ ಕುಟ್ಟಿ ಹಳೆಯದನ್ನು ತೆಗೆದು, ಅದನ್ನೇ ಅಳತೆಗಿಟ್ಟು ಹೊಸದನ್ನು ಒಂದೆರಡು ಮಿ.ಮೀ. ಅಗಲಕ್ಕೆ ಹೊರೆಯಿರಿ.